ಕಿವಿ ಕೆಳಗಿನ ಗಂಟು

ಆಪರೇಷನ್ ಥಿಯೇಟರಿನ ಹೊರಗೆ ಚಪ್ಪಲಿ ಬಿಟ್ಟು ಬನ್ನಿ ಎಂದು ಬೋರ್ಡು ಹಾಕಬಹುದು. ನಗು ಬಿಟ್ಟು ಬನ್ನಿ ಎಂದರೆ ಯಾರೂ ಕೇಳುವುದಿಲ್ಲ. ನಾನು ಸಿಡುಕ, ನಗಿಸುವ ಪೈಕಿಯಲ್ಲ. ಆದರೂ ಎಪ್ಪತ್ತರ ದಶಕದಲ್ಲಿ ರಾಜಾಜಿನಗರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಸರ್ಜನ್ ಆಗಿದ್ದಾಗ ಇಂಥವು ನಡೆಯುತ್ತಲೇ ಇದ್ದವು. ಒಬ್ಬಳೇ ರೋಗಿಯಿಂದ ಬಂದವನ್ನಷ್ಟೇ ಇಲ್ಲಿ ಹೇಳುತ್ತೇನೆ.

೧. ಕೆಮ್ಮಣ್ಣು

ಶ್ರೀಗಂಧದ ಕಾವಲಿನ ಕಡೆಯ ರೈತರ ಮನೆಯ ಸೊಸೆ. ವಯಸ್ಸು ಮೂವತ್ತರ ಆಚೆ ಈಚೆ. ಜೊತೆಗೆ ಬಂದವರು ಮಾವ. ಗಂಡ ಹೊಲ ಬಿಟ್ಟು ಬರುವ ಹಾಗಿರಲಿಲ್ಲವಂತೆ. ಸೆರಗು ಸರಿಸಿದಾಗ ಎಡಗಿವಿಯ ಕೆಳಗೆ ನಿಂಬೆಹಣ್ಣಿನ ಗಾತ್ರದ ಗಂಟು, ಅದರ ಮೇಲೆ ಒಣಗಿದ ಕೆಮ್ಮಣ್ಣಿನ ಪಟ್ಟು.

"ಇದೇನು?" ಎಂದೆ.

"ಮಂಗನಬಾವು ಸ್ವಾಮಿ," ಎಂದರು ಮಾವ.

"ಎಷ್ಟು ದಿನದಿಂದ?"

"ಎಂಟು ವರ್ಷ ಆಯ್ತು."

"ಮಂಗನಬಾವು ಎಂಟು ದಿನಕ್ಕೆ ಇಳೀಬೇಕಲ್ರೀ."

"ಅದಕ್ಕೇ ಸ್ವಾಮಿ ಕಾದಿದ್ದು. ಇವತ್ತಲ್ಲ ನಾಳೆ ಇಳೀತದೆ ಅಂತ."

೨. ಗರಿಕೆ

ಒತ್ತಿ ನೋಡಿದೆ. ಜೊಲ್ಲಿನ ಗ್ರಂಥಿಯಲ್ಲಿ ಬೆಳೆದ ಗಡ್ಡೆ. ಕ್ಯಾನ್ಸರ್ ಅಲ್ಲ ಅನ್ನಿಸಿತು, ಹಾಗೆಂದು ಬಿಟ್ಟುಬಿಡುವಂಥದ್ದೂ ಅಲ್ಲ. ಎರಡು ದಾರಿ ಹೇಳಿದೆ. ಗಂಟನ್ನಷ್ಟೇ ಬಿಡಿಸಿ ತೆಗೆಯುವುದು ಒಂದು. ಬೇಗ ಮುಗಿಯುತ್ತದೆ, ಆದರೆ ಮೇಲಿನ ತೆಳು ಪೊರೆ ಒಡೆದು ಚೂರು ಉಳಿದರೆ ಕೆಲವು ವರ್ಷದ ಮೇಲೆ ನಾಲ್ಕು ಕಡೆ ಮತ್ತೆ ಹುಟ್ಟುತ್ತದೆ. ಗಂಟಿನ ಜೊತೆ ಗ್ರಂಥಿಯ ಮೇಲುಭಾಗವನ್ನೂ ತೆಗೆಯುವುದು ಇನ್ನೊಂದು. ಅದು ಗಂಟೆಗಟ್ಟಲೆ ಕೆಲಸ. ಮುಖ ಆಡಿಸುವ ನರ ಆ ಗ್ರಂಥಿಯೊಳಗೇ ಕವಲೊಡೆದು ಹೋಗುತ್ತದೆ. ಪೆಟ್ಟಾದರೆ ಬಾಯಿ ಒಂದು ಕಡೆ ಜೋತುಬೀಳುತ್ತದೆ.

ಸೊಸೆ ಮುಖ ಮುಖ ನೋಡಿದಳು. ಮಾವ ಅವಳಿಗೆ ಬಿಡಿಸಿ ಹೇಳಿದರು: "ಗರಿಕೆ ಇದ್ದಂಗೆ ಕಣವ್ವ. ಮೇಲ್ಮೇಲೆ ಕಿತ್ರೆ ಮತ್ತೆ ಬತ್ತದೆ. ಮಣ್ಣು ಸಮೇತ ಅಗೀಬೇಕು ಅಂತಾರೆ."

ನಾನು ಅರ್ಧ ಗಂಟೆ ಹೇಳಿದ್ದು ಅಷ್ಟೇ. ಅವಳು ಪಕ್ಕದಲ್ಲಿ ನಿಂತಿದ್ದ ನಮ್ಮ ನರ್ಸಮ್ಮನ ಕಡೆ ತಿರುಗಿ ಮೆಲ್ಲಗೆ ಒಂದೇ ಮಾತು ಕೇಳಿದಳು. "ಬಾಯಿ ಸೊಟ್ಟಾದ್ರೆ ನನ್ನ ಮಗು ಹೆದ್ರಿಕೊಳ್ತದಾ? ಅದಕ್ಕಿನ್ನೂ ಮೂರು ವರ್ಷ."

ಹಿಂದೆ ಒಬ್ಬರಿಗೆ ನನ್ನ ಕೈಯಲ್ಲೇ ಹಾಗಾಗಿತ್ತು. ಅವರ ಮುಖ ಇವತ್ತಿಗೂ ಮರೆತಿಲ್ಲ.

ಮಾವ ಎದ್ದು ಕೈಮುಗಿದರು. "ಮಣ್ಣು ಸಮೇತಾನೇ ತೆಗೀರಿ ಸ್ವಾಮಿ. ಒಳಗೆ ಅದೇನೋ ಪೈಪು ಹೋಗ್ಯದೆ ಅಂದ್ರಲ್ಲ, ಗುದ್ದಲಿ ನೋಡ್ಕೊಂಡು ಹಾಕಿ."

ಅವತ್ತಿನಿಂದ ಆಸ್ಪತ್ರೆಯಲ್ಲಿ ನನ್ನ ಚಾಕುವಿಗೆ ಗುದ್ದಲಿ ಎಂದೇ ಹೆಸರು.

೩. ಮುಖ ಕಾಯುವ ಕೆಲಸ

ನರ ಎಲ್ಲಿದೆ ಎಂದು ತೋರಿಸುವ ಯಂತ್ರ ನಮ್ಮಲ್ಲಿರಲಿಲ್ಲ. ನಾನು ಬಿಡಿಸುತ್ತಾ ಹೋಗುವಾಗ ನರ್ಸಮ್ಮ ರೋಗಿಯ ಮುಖವನ್ನೇ ನೋಡುತ್ತಿರಬೇಕು. ನರಕ್ಕೆ ಇಕ್ಕಳ ತಾಗಿದರೆ ಎಚ್ಚರವಿಲ್ಲದ ಮುಖವೂ ಅದುರುತ್ತದೆ, ಕೂಡಲೇ ಹೇಳಬೇಕು.

"ಈಯಮ್ಮ ನಗ್ತಿದಾರೆ ಸಾರ್," ಎಂದರು. ಕೈ ಹಿಂದಕ್ಕೆ ತೆಗೆದೆ. ಸ್ವಲ್ಪ ಹೊತ್ತಿಗೆ, "ಕಣ್ಣು ಹೊಡೀತಿದಾರೆ ಸಾರ್." ಮತ್ತೆ ನಿಲ್ಲಿಸಿದೆ. ಕಣ್ಣು ಆಚೀಚೆ ಹೋದೀತು, ಜೋಕೆ ಎಂದು ನರ್ಸಮ್ಮನ ಮೇಲೆ ರೇಗಿದೆ.

"ಅದುರ್ತಿದೆ ಸಾರ್," ಎಂದರು ಮೂರನೇ ಸಲ.

"ಎಲ್ರೀ? ತುಟೀನಾ, ರೆಪ್ಪೇನಾ? ಸರಿಯಾಗಿ ಹೇಳ್ರೀ," ಎಂದು ಮತ್ತೆ ರೇಗಿದೆ.

"ನನ್ನ ಕೈ ಸಾರ್, ನೀವು ರೇಗೋದಕ್ಕೆ. ಈಯಮ್ಮನ ಮುಖ ಚೆನ್ನಾಗೇ ಇದೆ."

೪. ಪರೀಕ್ಷೆ

ತಲೆ ತುಂಬ ಸುತ್ತಿದ್ದ ಬ್ಯಾಂಡೇಜನ್ನು ಮೂರನೇ ದಿನ ಬಿಚ್ಚಿದೆ. ಮಾವ ಮಂಚದ ಕಾಲ ಬಳಿ ನಿಂತಿದ್ದರು.

"ಕಣ್ಣು ಮುಚ್ಚಮ್ಮ." ಎರಡೂ ಮುಚ್ಚಿದಳು.

"ಹಲ್ಲು ತೋರಿಸು." ತುಟಿ ಅಲ್ಲಾಡಲಿಲ್ಲ.

"ಕೆನ್ನೆ ಊದಿಸು." ಇಲ್ಲ.

"ಸಿಳ್ಳೆ ಹಾಕು ನೋಡೋಣ." ತಲೆ ತಗ್ಗಿಸಿದಳು.

ಬಾಯಿಗೆ ಹೋಗುವ ಕವಲನ್ನು ನಾನೇ ಕತ್ತರಿಸಿದ್ದೇನೆ, ಆ ಮಗುವಿನ ಪಾಲಿಗೆ ಅಮ್ಮನ ಮುಖವನ್ನು ನಾನೇ ಕೆಡಿಸಿದೆ ಎಂದುಕೊಂಡೆ. ಚಾಕು ಸೋಕದ ಬಲಗಡೆಯೂ ಅಲ್ಲಾಡುತ್ತಿಲ್ಲ ಎಂಬುದು ಇಷ್ಟು ಓದಿದ ತಲೆಗೆ ಹೊಳೆಯಲೇ ಇಲ್ಲ.

ನರ್ಸಮ್ಮ ಹತ್ತಿರ ಬಂದು, "ಸಾರ್, ಮಾವನೋರು ಎದುರಿಗೇ ನಿಂತಿದಾರೆ. ಅವರ ಮುಂದೆ ಸೊಸೆ ಹಲ್ಲು ಕಿರಿಯೋಕಾಗುತ್ತಾ?" ಎಂದರು.

ಅದು ಮಾವನಿಗೂ ಕೇಳಿಸಿತು. ಅವರು ಗೋಡೆ ಕಡೆ ತಿರುಗಿ ನಿಂತರು. "ಮಾಡವ್ವ. ಡಾಕ್ಟ್ರು ಹೇಳ್ದಂಗೆ ಮಾಡು."

ಹಲ್ಲು ತೋರಿಸಿದಳು. ಬಾಯಿ ನೆಟ್ಟಗಿತ್ತು. ಕೆನ್ನೆ ಊದಿಸಿದಳು. ಎರಡೂ ಸಮ. ನನಗೆ ಕಣ್ಣು ತುಂಬಿ ಬಂತು, ಸಾಕಮ್ಮ ಎನ್ನುವುದಕ್ಕೂ ಆಗಲಿಲ್ಲ. ನಾನು ಸುಮ್ಮನಿದ್ದದ್ದು ನೋಡಿ ಇನ್ನೂ ಬಾಕಿ ಇದೆ ಎಂದುಕೊಂಡಳೋ ಏನೋ, ತುಟಿ ಮಡಿಸಿ ಸಿಳ್ಳೆ ಹಾಕಿದಳು. ಹೊಲದ ಈ ಬದುವಿನಿಂದ ಆ ಬದುವಿಗೆ ಕೇಳುವಂಥ ಸಿಳ್ಳೆ. ಪಕ್ಕದ ವಾರ್ಡಿನವರೆಲ್ಲ ಬಾಗಿಲಿಗೆ ಬಂದರು.

ಮಾವ ಗೋಡೆ ನೋಡುತ್ತಲೇ ಕೇಳಿದರು:

"ಹಂಗಾದ್ರೆ ದಿನಾ ಹಿತ್ತಲಲ್ಲಿ ಸಿಳ್ಳೆ ಹೊಡೀತಿದ್ದೋಳು ನೀನಾ? ಹತ್ತು ವರ್ಷದಿಂದ ನನ್ನ ಮಗನ್ನ ಬೈತಾ ಇವ್ನಿ ಕಣವ್ವ. ಅವನೂ ತೆಪ್ಪಗೆ ಬೈಸ್ಕೊಂಡವ್ನೆ."