ನಮ್ಮ ಮೌಶಿಯ ಬೆಳಗಿನ ಕೋರ್ಟ್ ಲಿಸ್ಟು

ನೀವು ಕನ್ನಡದವರಾಗಿದ್ದು, ಮೆಲ್ಬರ್ನಿನ ಪಶ್ಚಿಮದ ಸಬರ್ಬುಗಳಲ್ಲಿ ಎಲ್ಲಾದರೂ ಮನೆ ಮಾಡಿಕೊಂಡಿದ್ದರೆ ಒಂದು ವಿಷಯ ಹೇಳಿಬಿಡುತ್ತೇನೆ: ನಿಮ್ಮ ಹೆಸರನ್ನು ನನ್ನ ಮೌಶಿ ಆಗಲೇ ಹುಡುಕಿ ನೋಡಿಯಾಗಿದೆ. ಗಾಬರಿಯಾಗಬೇಡಿ! ನಿಮ್ಮ ಮೇಲೆ ಅವಳಿಗೆ ವಿಶೇಷವಾದ ಅನುಮಾನವೇನೂ ಇಲ್ಲ. ಅವಳು ನನ್ನ ಹೆಸರನ್ನೂ ಹುಡುಕುತ್ತಾಳೆ, ಕಟ್ಟಿಕೊಂಡ ಗಂಡನ ಹೆಸರನ್ನೂ ಹುಡುಕುತ್ತಾಳೆ. ತೀರಾ ಬೇಸರವಾದ ದಿನ ತನ್ನ ಹೆಸರನ್ನೇ ಹಾಕಿ ನೋಡಿ, "ಇವತ್ತೂ ಇಲ್ಲ!" ಎಂದು ಸಮಾಧಾನಪಟ್ಟುಕೊಳ್ಳುತ್ತಾಳೆ.

ಎಲ್ಲಿ ಹುಡುಕುತ್ತಾಳೆ ಅಂತೀರಾ? ಕೋರ್ಟ್ ಲಿಸ್ಟಿನಲ್ಲಿ. ಈ ದೇಶದಲ್ಲಿ ಇವತ್ತು, ನಾಳೆ, ಈ ವಾರ ಯಾವ ಕೋರ್ಟಿನಲ್ಲಿ ಯಾರ ಕೇಸು ಇದೆ ಅನ್ನುವುದನ್ನು ಇಂಟರ್ನೆಟ್ಟಿನಲ್ಲಿ ಹಾಕುತ್ತಾರೆ. ಬೇರೆಯವರು ಬೆಳಗ್ಗೆ ಎದ್ದು ಹವಾಮಾನ ನೋಡುತ್ತಾರೆ, ರಾಶಿಫಲ ನೋಡುತ್ತಾರೆ. ನನ್ನ ಮೌಶಿ ಚಹಾದ ಕಪ್ಪು ಹಿಡಿದು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಇಡೀ ವಿಕ್ಟೋರಿಯಾ ರಾಜ್ಯದ ಆರೋಪಿಗಳ ಹಾಜರಿ ತೆಗೆದುಕೊಳ್ಳುತ್ತಾಳೆ!

ಮೌಶಿ ಅಂದರೆ ನನ್ನಮ್ಮನ ತಂಗಿ. ಹುಟ್ಟಿ ಬೆಳೆದದ್ದು ಧಾರವಾಡದಲ್ಲಿ. ನನ್ನಮ್ಮ ಮದುವೆಯಾಗಿ ಬೆಂಗಳೂರಿಗೆ ಬಂದವಳೇ ತನ್ನ ಊರ ಮಾತನ್ನು ಮರೆತಳು. ಮೌಶಿ ಸಮುದ್ರ ದಾಟಿ ಮೆಲ್ಬರ್ನಿನ ಟಾರ್ನೀಟಿಗೆ ಬಂದರೂ ಒಂದಕ್ಷರ ಬಿಟ್ಟುಕೊಟ್ಟಿಲ್ಲ. ನಾನಿರುವ ಪಾಯಿಂಟ್ ಕುಕ್ಕಿನಿಂದ ಅವಳ ಮನೆಗೆ ಕಾರಿನಲ್ಲಿ ಹೋಗಿ ಬಾಗಿಲು ತಟ್ಟಿದರೆ, "ಬಾರವಾ, ಹೆಂಗದಿ?" ಅನ್ನುವ ದನಿ ಕೇಳಿ ಧಾರವಾಡದ ಸುಭಾಷ್ ರಸ್ತೆಗೇ ಬಂದಿಳಿದ ಹಾಗಾಗುತ್ತದೆ.

"ಈ ಹುಚ್ಚು ಯಾಕೆ ಮೌಶಿ ನಿನಗೆ?" ಅಂತ ಒಮ್ಮೆ ಕೇಳಿದ್ದೆ.

"ಹುಚ್ಚೇನ ಬಂತು? ಧಾರವಾಡದಾಗ ಒಬ್ಬಾಂವ ಎಂಥಾಂವ ಅಂತ ಗೊತ್ತಾಗಬೇಕಂದ್ರ ಅವನ ಓಣ್ಯಾಗ ಒಮ್ಮೆ ಅಡ್ಡಾಡಿ ಬಂದ್ರ ಮುಗೀತು. ಹೂವಿನಾಕಿ ಒಂದಿಷ್ಟು ಹೇಳ್ತಾಳ, ಹಾಲಿನಾಂವ ಒಂದಿಷ್ಟು ಹೇಳ್ತಾನ. ಇಲ್ಲಿ ಓಣ್ಯಾಗ ಯಾರದಾರ? ರಿಮೋಟ್ ಒತ್ತತಾರ, ಗ್ಯಾರೇಜು ಬಾಯಿ ತೆಗೀತದ, ಕಾರು ನುಂಗತದ, ಬಾಯಿ ಮುಚ್ಚತದ. ಮಂದಿ ಮಾರಿ ನೋಡೂದರ ಹೆಂಗ?"



ಆದರೆ ಅವಳೇನೂ ಮೊದಲ ದಿನವೇ ಪಂಡಿತೆಯಾದವಳಲ್ಲ. ಶುರುವಾದದ್ದು ಅಮೆರಿಕದ ಒಂದು ವೆಬ್‌ಸೈಟಿನಿಂದ. ಯಾರನ್ನು ಅರೆಸ್ಟ್ ಮಾಡಿದರು, ಯಾರನ್ನು ಜೈಲಿಗೆ ಹಾಕಿದರು, ಯಾರ ಮೇಲೆ ವಾರಂಟ್ ಇದೆ, ಎಲ್ಲವೂ ಒಂದೇ ಕಡೆ ಸಿಗುತ್ತದೆ ಅನ್ನುವ ಜಾಹೀರಾತು ಅವಳ ಫೋನಿಗೆ ಬಂದಿತ್ತು. ತೆರೆದರೆ 'ನಿಮ್ಮ ಕೌಂಟಿ ಆರಿಸಿ' ಅಂತ ಕೇಳಿತು. "ಕೌಂಟಿ ಅಂದ್ರೇನ್ರಿ?" ಅಂತ ಗಂಡನನ್ನು ಕೂಗಿದಳು. ಕಾಕಾ ಪೇಪರಿನಿಂದ ತಲೆ ಎತ್ತದೆ, "ನಮ್ಮ ತಾಲೂಕು ಇದ್ದಂಗ" ಅಂದರು. ಆ ಉದ್ದನೆಯ ಪಟ್ಟಿಯಲ್ಲಿ ಟಾರ್ನೀಟ್ ಇರಲಿಲ್ಲ, ಇರುವುದಾದರೂ ಹೇಗೆ! ಮೌಶಿ ಬಿಡಲಿಲ್ಲ. ಟಿ ಅಕ್ಷರದಿಂದ ಶುರುವಾಗುವ ಯಾವುದೋ ಒಂದು ಅಮೆರಿಕನ್ ತಾಲೂಕನ್ನು ಒತ್ತಿ, ಪರೀಕ್ಷೆಗೆಂದು ತನ್ನ ಹೆಸರನ್ನೇ ಹಾಕಿದಳು.

ಪರದೆಯ ಮೇಲೆ ಹಸಿರು ಪಟ್ಟಿ ಓಡಿತು. ಜೈಲಿನ ದಾಖಲೆ ಹುಡುಕಲಾಗುತ್ತಿದೆ... ವಾರಂಟ್ ಹುಡುಕಲಾಗುತ್ತಿದೆ... ಕೊನೆಗೆ ಕೆಂಪು ಅಕ್ಷರದಲ್ಲಿ ಬಂತು: ನಿಮ್ಮ ಹೆಸರಿನಲ್ಲಿ ದಾಖಲೆಗಳು ಸಿಕ್ಕಿವೆ! ನೋಡಲು ಕ್ರೆಡಿಟ್ ಕಾರ್ಡ್ ಕೊಡಿ!

"ಏನಿದು? ನೀ ಯಾವಾಗ ಜೈಲಿಗೆ ಹೋಗಿ ಬಂದಿ?" ಅಂದರು ಕಾಕಾ, ಈಗ ಪೇಪರ್ ಕೆಳಗಿಟ್ಟು.

"ಅದನ್ನ ನೋಡೂಣಂತನ ಕಾರ್ಡ್ ಕೇಳ್ಲಿಕ್ಕತ್ತೀನಿ! ಕೊಡ್ರಿ ಇಲ್ಲೆ!"

ಕಾಕಾ ಕಾರ್ಡು ಕೊಡಲಿಲ್ಲ. ಮೌಶಿಯ ಅಮೆರಿಕದ ಪಾತಕಗಳು ಇಂದಿಗೂ ಬೆಳಕಿಗೆ ಬಂದಿಲ್ಲ.

ಮರುದಿನ ಅವಳು ನೇರವಾಗಿ ಹತ್ತಿರದ ಪೊಲೀಸ್ ಠಾಣೆಗೆ ಫೋನ್ ಮಾಡಿ, ಈ ವಾರ ನಮ್ಮ ಕಡೆ ಯಾರ್‍ಯಾರನ್ನು ಹಿಡಿದಿರಿ ಅಂತ ವಿಚಾರಿಸಿದಳು. ಆ ಕಡೆಯ ಹುಡುಗಿ ಬಹಳ ಸಭ್ಯತೆಯಿಂದ, ಅದನ್ನೆಲ್ಲ ಹೇಳುವ ಹಾಗಿಲ್ಲ, ನಿಮಗೇನಾದರೂ ತೊಂದರೆಯಾಗಿದೆಯಾ ಮ್ಯಾಡಮ್ ಅಂದಳು. "ಇಲ್ಲ, ಸುಮ್ನ ಕೇಳಿದೆ" ಅನ್ನುವುದನ್ನು ಮೌಶಿ ಇಂಗ್ಲಿಷಿನಲ್ಲಿ ಹೇಗೆ ಹೇಳಿದಳೋ ನನಗೆ ಗೊತ್ತಿಲ್ಲ. ಆದರೆ ಇಲ್ಲಿ ಅರೆಸ್ಟಿನ ದಾಖಲೆ ಎಲ್ಲರಿಗೂ ತೋರಿಸುವುದಿಲ್ಲ, ಕೋರ್ಟಿನ ಲಿಸ್ಟನ್ನು ಮಾತ್ರ ಯಾರು ಬೇಕಾದರೂ ನೋಡಬಹುದು ಎಂಬ ಜ್ಞಾನೋದಯ ಅವಳಿಗಾದದ್ದು ಅವತ್ತೇ.

ಅಲ್ಲಿಂದ ಶುರುವಾಯಿತು ನೋಡಿ ವೈಭವ! ಅವಳ ಮಗಳು, ಇಲ್ಲಿಯೇ ಓದಿ ಬೆಳೆದವಳು, ಅಮ್ಮನ ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು, "ಮಮ್ಮಾ, ದಿಸ್ ಈಸ್ ಸೋ ಕ್ರೀಪಿ!" ಅಂತ ಎಷ್ಟು ಸಲ ಹೇಳಿದ್ದಾಳೋ. ಮೌಶಿಗೆ ಅದು ಹೊಗಳಿಕೆಯ ಹಾಗೆ ಕೇಳಿಸುತ್ತದೆ.

ಗಣೇಶನ ಹಬ್ಬಕ್ಕೆ ವಿಂಡಮ್ ವೇಲಿನ ಒಬ್ಬರ ಮನೆಯಲ್ಲಿ ಊಟವಿತ್ತು. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿರುವ ಒಬ್ಬ ಮಹನೀಯರು ಕೋಸಂಬರಿ ಬಾಯಿಗಿಡುವ ಹೊತ್ತಿಗೆ ಮೌಶಿ ಎದುರು ನಿಂತು, ಮನಸಾರೆ ಮುಗುಳ್ನಕ್ಕು ಹೇಳಿದಳು: "ನಿಮ್ಮ ಬಗ್ಗೆ ಭಾಳ ಅಭಿಮಾನ ಅದ ನೋಡ್ರಿ ನನಗ. ಇಷ್ಟ ದಿವಸದಿಂದ ನೋಡ್ಲಿಕ್ಕತ್ತೀನಿ, ಒಮ್ಮೆನೂ ನಿಮ್ಮ ಹೆಸರು ಬಂದಿಲ್ಲ!" ಕೋಸಂಬರಿ ನೆತ್ತಿಗೇರಿತು. ಅವರ ಹೆಂಡತಿ ಬೆನ್ನು ತಟ್ಟುತ್ತಾ, "ಎಲ್ಲಿ ಬಂದಿಲ್ಲ?" ಅಂತ ಕೇಳಿದ್ದೇ ಕೇಳಿದ್ದು. ಅಲ್ಲ, ಒಬ್ಬ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಯಾರು ಕೊಟ್ಟಾರು?

ಇಷ್ಟು ಕೇಳಿ ನಿಮಗೆ ಅವಳು ಊರಿಗೆಲ್ಲ ಸುದ್ದಿ ಹಂಚುವ ಹೆಂಗಸು ಅನ್ನಿಸಿರಬಹುದು. ಅಲ್ಲೇ ನೀವು ತಪ್ಪಿದ್ದು! ಲಿಸ್ಟಿನಲ್ಲಿ ಗುರುತಿನವರ ಹೆಸರು ಸಿಕ್ಕಿದ್ದೂ ಉಂಟಂತೆ. ಯಾರದ್ದು ಅಂತ ನಾನು ಕಾಡಿಸಿ, ಬೇಡಿ, ಪೇಡೆ ತಂದುಕೊಟ್ಟು ಕೇಳಿದರೂ ಬಾಯಿ ಬಿಟ್ಟವಳಲ್ಲ. "ಹೇಳೂದಿದ್ರ ಅವರ ಮುಂದನ ಹೇಳಬೇಕವಾ. ಅವರ ಬೆನ್ನ ಹಿಂದ ನಿನ್ನ ಮುಂದ ಯಾಕ ಹೇಳ್ಲಿ?" ಅಂದಳು.

ಹಾಗೆ ಮುಖದ ಮುಂದೆಯೇ ಹೇಳಿದ್ದನ್ನು ನಾನೇ ನೋಡಿದ್ದೇನೆ. ಅವಳ ಮನೆಯ ಅಡುಗೆಮನೆಯ ನಲ್ಲಿ ಸೋರುತ್ತಿತ್ತು. ರಿಪೇರಿಗೆ ಬಂದ ಪ್ಲಂಬರ್ ಇಲ್ಲಿಯವನೇ, ಕೆಂಪು ಗಡ್ಡದ ಭೀಮಕಾಯ. ಸಿಂಕಿನ ಕೆಳಗೆ ತಲೆ ಹಾಕಿ ಮಲಗಿದ್ದ. ಮೌಶಿ ಬಗ್ಗಿ, ತನ್ನ ಇಂಗ್ಲಿಷಿನಲ್ಲಿ, ನಾಳೆ ಬೆಳಗ್ಗೆ ನಿನಗೆ ಕೋರ್ಟಿದೆ, ನೆನಪಿದೆ ತಾನೇ ಅಂತ ಕೇಳಿದಳು. ಢಣ್ಣೆಂದು ತಲೆ ಪೈಪಿಗೆ ಬಡಿದ ಸದ್ದಾಯಿತು. ಪಾಪ, ಅವನಿಗೆ ಪೂರ್ತಿ ಮರೆತೇ ಹೋಗಿತ್ತು! ಮುಂದಿನ ವಾರ ಅಂದುಕೊಂಡಿದ್ದನಂತೆ. ಹೋಗದಿದ್ದರೆ ವಾರಂಟ್ ಬಂದು ಪೊಲೀಸರು ಮನೆಗೇ ಬರುತ್ತಿದ್ದರು. ಎದ್ದು ನಿಂತವನು ಹಣೆ ಉಜ್ಜಿಕೊಳ್ಳುತ್ತಾ, "ಯೂ ಆರ್ ಎ ಲೆಜೆಂಡ್, ಲವ್!" ಅಂದ.

ಅವನು ಹೋದ ಮೇಲೆ ಕಾಕಾ ಗಂಭೀರವಾಗಿ ಕೇಳಿದರು: "ಅಂವ ನಿನಗ ಏನಂದು ಕರದ?"

"ಲೆಜೆಂಡ್ ಅಂದ."

"ಅದರ ಮುಂದಿಂದು?"

"ಅದರ ಮುಂದಿಂದು ನನಗ ಕೇಳಿಸಲಿಲ್ರಿ" ಅಂದಳು ಮೌಶಿ, ಕೆನ್ನೆ ಕೆಂಪಾಗಿತ್ತು.

ಈಗ ಸಿಡ್ನಿಗೆ ಬರುತ್ತೇನೆ. ಮಗಳಿಗೆ ಸಿಡ್ನಿಯಿಂದ ಒಂದು ಸಂಬಂಧ ಬಂತು, ಫೋಟೋ ಸಮೇತ. ಬೆಳಗಾವಿ ಕಡೆಯ ಮನೆತನ, ಹುಡುಗನ ಹೆಸರು ವಿನಾಯಕ ಪಾಟೀಲ, ಕೆಲಸ, ಇಲ್ಲೇ ಕಾಯಂ ನೆಲೆಸುವ ಪಿಆರ್ ಎಲ್ಲ ಇದೆ. ಮಗಳೂ ಅವನೂ ಫೋನಿನಲ್ಲಿ ಮಾತಾಡಿದ ಮೇಲೆ ಅವಳ ಮುಖದಲ್ಲಿ ಎಂದೂ ಕಾಣದ ಒಂದು ನಗು ಬಂದಿತ್ತು. ಶನಿವಾರ ಎಲ್ಲರೂ ಹೋಗಿ ನೋಡುವುದು ಅಂತ ನಿಶ್ಚಯವಾಯಿತು. ಅಷ್ಟರಲ್ಲಿ ಒಂದು ಬೆಳಗ್ಗೆ ಮೌಶಿಯಿಂದ ನನಗೆ ಫೋನ್.

"ಸಿಡ್ನಿ ಲಿಸ್ಟಿನ್ಯಾಗ ಅವನ ಹೆಸರು ಬಂದದವಾ. ಗುರುವಾರ."

ನಾನು ಅವಳಿಗೆ ಹೇಳುವಷ್ಟೂ ಹೇಳಿದೆ. ಪಾಟೀಲರು ಒಬ್ಬರೇ ಇದ್ದಾರಾ, ವಿನಾಯಕರು ಒಬ್ಬರೇ ಇದ್ದಾರಾ, ಹುಡುಗನಿಗೇ ಫೋನ್ ಮಾಡಿ ಕೇಳಿಬಿಡು ಅಂದೆ.

"ಅಂವ ಅಲ್ಲದ ಇದ್ರ? ಜೀವನಪೂರ್ತಿ ಅತ್ತಿ ನನ್ನ ಕಳ್ಳ ಅಂತ ತಿಳಕೊಂಡಿದ್ಲು ಅಂತ ಮನಸಿನ್ಯಾಗ ಇಟಗೋತಾನ. ಬ್ಯಾಡ. ನಾ ಹೋಗಿ ಕಣ್ಣಾರೆ ನೋಡ್ತೀನಿ. ನೀ ಜೋಡಿ ಬಾ."

ಮನೆಯಲ್ಲಿ ಮಗಳಿಗೆ ಸೀರೆ ನೋಡಲು ಮುಂಚೆ ಹೋಗುತ್ತೇವೆ ಅಂತ ಹೇಳಿ, ನಾವಿಬ್ಬರೂ ವಿಮಾನ ಹತ್ತಿದೆವು. ದಾರಿಯುದ್ದಕ್ಕೂ ಮಗಳ ಆ ನಗು ಮೌಶಿಯ ಕಣ್ಣ ಮುಂದಿತ್ತು ಅನ್ನುವುದು ನನಗೆ ಗೊತ್ತಿತ್ತು.

ಸಿಡ್ನಿಯ ಪಶ್ಚಿಮದ ಒಂದು ಕೋರ್ಟು. ಬಾಗಿಲಲ್ಲೇ ವಿಮಾನ ನಿಲ್ದಾಣದ ಹಾಗೆ ಬ್ಯಾಗು ಸ್ಕ್ಯಾನ್ ಮಾಡುತ್ತಾರೆ. ಬೀಗರ ಮನೆಗೆಂದು ಮೌಶಿ ತಂದಿದ್ದ ಚಟ್ನಿಪುಡಿಯ ಡಬ್ಬಿ ಅಲ್ಲಿ ಸಿಕ್ಕಿಬಿತ್ತು. ಕಾವಲಿನವನು ಕೆಂಪು ಪುಡಿಯನ್ನು ನೋಡಿ, ಇದೇನು ಅಂತ ಕೇಳಿದ. ಮೌಶಿಗೆ ಚಟ್ನಿಪುಡಿಗೆ ಇಂಗ್ಲಿಷ್ ಹೊಳೆಯಲಿಲ್ಲ. ಆಮೇಲೆ ಮೆಲ್ಬರ್ನಿನ ದೋಸೆ ಹೋಟೆಲಿನ ಮೆನುವಿನಲ್ಲಿ ಅದಕ್ಕಿದ್ದ ಹೆಸರು ನೆನಪಾಯಿತು. ಮುಖ ಅರಳಿಸಿಕೊಂಡು, ಇಡೀ ಸಾಲಿಗೆ ಕೇಳುವ ಹಾಗೆ ಹೇಳಿದಳು: "ಗನ್ ಪೌಡರ್!"

ದೇವರೇ! ಆಮೇಲೆ ನಡೆದದ್ದನ್ನು ನಾನು ವಿವರಿಸಲಾರೆ. ಮೂರು ಜನ ಕಾವಲಿನವರು ಬಂದರು. ನಾನು ಇಡ್ಲಿ, ದೋಸೆ, ಎಣ್ಣೆ ಎಂದೆಲ್ಲ ಕೈಸನ್ನೆ ಮಾಡಿ ಪ್ರವಚನ ಕೊಟ್ಟೆ. ಕೊನೆಗೆ ಅವರಲ್ಲಿ ಹಿರಿಯವನು ಡಬ್ಬಿಯನ್ನು ಮೂಸಿ, ಗಟ್ಟಿಯಾಗಿ ಸೀನಿ, ಕಣ್ಣಲ್ಲಿ ನೀರು ತುಂಬಿಕೊಂಡು ಒಳಗೆ ಹೋಗಿ ಅಂತ ಕೈ ಮಾಡಿದ.

ಕೋರ್ಟಿನ ಕೊನೆಯ ಬೆಂಚಿನಲ್ಲಿ ಕೂತೆವು. ಒಬ್ಬೊಬ್ಬರದೇ ಹೆಸರು ಕರೆಯುತ್ತಿದ್ದರು. ವಿನಾಯಕ ಪಾಟೀಲ ಎಂದು ಕರೆದಾಗ ಮೌಶಿ ನನ್ನ ಕೈ ಹಿಡಿದುಕೊಂಡಳು. ಎದ್ದು ನಿಂತವನು ಒಬ್ಬ ಬಡಕಲು ಹುಡುಗ, ಇನ್ನೂ ಓದುವ ವಯಸ್ಸು. ಹಾಕಿದ್ದ ಕೋಟು ಯಾರದೋ, ತೋಳು ಬೆರಳಿನ ತನಕ ಇಳಿದಿತ್ತು.

ಇವನಲ್ಲ! ಫೋಟೋದಲ್ಲಿದ್ದ ಹುಡುಗ ಇವನಲ್ಲವೇ ಅಲ್ಲ! ಮುಂದಿನದನ್ನು ಈಗಲೇ ಹೇಳಿಬಿಡುತ್ತೇನೆ: ಶನಿವಾರ ನಮ್ಮ ವಿನಾಯಕನನ್ನೂ ನೋಡಿದೆವು. ಮೌಶಿ ನಡೆದದ್ದೆಲ್ಲ ತಾನೇ ಒಪ್ಪಿಸಿದಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಮದುವೆಯೂ ಆಯಿತು.

ಅವತ್ತು ಕೋರ್ಟಿನಲ್ಲಿ ನಾನು ನಿಟ್ಟುಸಿರು ಬಿಟ್ಟು, "ನಡಿ ಮೌಶಿ, ಹೋಗೋಣ" ಅಂದೆ. ಮೌಶಿ ಏಳಲಿಲ್ಲ.

ಹುಡುಗನ ಪರವಾಗಿ, ಸರ್ಕಾರವೇ ಉಚಿತವಾಗಿ ಕೊಟ್ಟ ವಕೀಲೆಯೊಬ್ಬಳು ಮಾತಾಡುತ್ತಿದ್ದಳು. ಲೈಸೆನ್ಸ್ ಅಮಾನತಾಗಿದ್ದಾಗ ಗಾಡಿ ಓಡಿಸಿದ್ದ. ಕೋರ್ಟಿನ ನೋಟಿಸು ಹಳೆಯ ಬಾಡಿಗೆ ಮನೆಗೆ ಹೋಗಿತ್ತು. ಇವನು ಬರಲಿಲ್ಲ, ವಾರಂಟ್ ಹೊರಟಿತು. ಪೊಲೀಸರು ಕೆಲಸದ ಜಾಗದಿಂದ ಕರೆದೊಯ್ದು ಒಂದು ರಾತ್ರಿ ಲಾಕಪ್ಪಿನಲ್ಲಿಟ್ಟಿದ್ದರು. ಅದೇ ಮೊದಲ ತಪ್ಪು. ಮ್ಯಾಜಿಸ್ಟ್ರೇಟರು, ವಯಸ್ಸಾದ ಹೆಂಗಸು, ಕನ್ನಡಕದ ಮೇಲಿಂದ ನೋಡಿ, ನಿನ್ನ ಜೊತೆ ಇವತ್ತು ಯಾರಾದರೂ ಬಂದಿದ್ದಾರಾ ಅಂತ ಮೆಲ್ಲಗೆ ಕೇಳಿದರು. ಹುಡುಗ ತಲೆ ಅಡ್ಡಡ್ಡ ಆಡಿಸಿದ.

ಆಗ ನನ್ನ ಪಕ್ಕದಲ್ಲಿ ಸೀರೆ ಸರಸರ ಅಂದಿತು. ನೋಡಿದರೆ ಮೌಶಿ ಎದ್ದು ನಿಂತು, ಶಾಲೆಯ ಹುಡುಗಿಯ ಹಾಗೆ ಕೈ ಎತ್ತಿದ್ದಾಳೆ!

ಮ್ಯಾಜಿಸ್ಟ್ರೇಟರು, ನೀವು ಇವನಿಗೆ ಏನಾಗಬೇಕು ಅಂದರು.

"ಐ ಕೇಮ್ ಫಾರ್ ಅನದರ್ ವಿನಾಯಕ ಪಾಟೀಲ" ಅಂದಳು ಮೌಶಿ. "ಬಟ್ ಐ ವಿಲ್ ಸ್ಟೇ ಫಾರ್ ದಿಸ್ ಒನ್."

ಮ್ಯಾಜಿಸ್ಟ್ರೇಟರ ಮುಖದಲ್ಲಿ ನಗು ಬಂದು ಹೋಯಿತು. ಹಾಗಾದರೆ ಕುಳಿತುಕೊಳ್ಳಿ ಮ್ಯಾಡಮ್, ಇಲ್ಲೇ ಇರಿ ಅಂದರು. ಹುಡುಗ ತಿರುಗಿ ನೋಡಿದ. ಅವಳ ಸೀರೆ, ಕುಂಕುಮ ನೋಡಿದವನೇ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡ. ಬುದ್ಧಿ ಹೇಳಿ, ಕೆಲವು ಕಾಲ ಸರಿಯಾಗಿ ನಡೆದುಕೊಳ್ಳಬೇಕು ಎಂಬ ಷರತ್ತಿನ ಮೇಲೆ, ಅಪರಾಧಿ ಎಂದು ದಾಖಲಿಸದೆ ಅವನನ್ನು ಬಿಟ್ಟುಬಿಟ್ಟರು.

ಹೊರಗೆ ಮೆಟ್ಟಿಲ ಮೇಲೆ ಅವನು ಮೌಶಿಯ ಕಾಲಿಗೆ ಬಿದ್ದ. ಬೈಲಹೊಂಗಲದ ಹತ್ತಿರದ ಹುಡುಗನಂತೆ. ಮೌಶಿ ಅವನ ಭುಜ ಹಿಡಿದು ಎಬ್ಬಿಸಿ, "ನಿಮ್ಮ ಅವ್ವಗ ಹೇಳೀಯೇನು?" ಅಂತ ಕೇಳಿದಳು.

"ಇಲ್ರೀ. ಫೋನ್ ಎತ್ತಿದ್ರ ಅಳು ಬರ್ತದ ಅಂತ ಒಂದ ವಾರದಿಂದ ಎತ್ತೇ ಇಲ್ರೀ."

"ಈಗ ಹಚ್ಚು."

ಅವನು ಫೋನ್ ಹಚ್ಚಿದ. ನಿಂತು ನಿಂತು ಎಲ್ಲವನ್ನೂ ಹೇಳಿದ. ಲಾಕಪ್ ಅನ್ನುವ ಮಾತು ಬಂದಾಗ ಫೋನನ್ನು ಮೌಶಿಯ ಕಡೆ ಚಾಚಿದ. ಮೌಶಿ ಫೋನ್ ತೆಗೆದುಕೊಂಡು ಸ್ಪೀಕರಿಗೆ ಹಾಕಿದಳು.

ಆ ಕಡೆಯಿಂದ ಬೈಗುಳ ಬರಲಿಲ್ಲ, ಅಳುವೂ ಕೇಳಲಿಲ್ಲ. ಏನು ತಪ್ಪು ಮಾಡಿದ, ಮುಂದೇನಾಗುತ್ತದೆ, ಏನನ್ನೂ ಆ ತಾಯಿ ಕೇಳಲಿಲ್ಲ. ನೀವು ಯಾರು ಅಂತ ಕೂಡ ಕೇಳಲಿಲ್ಲ. ಒಂದೇ ಮಾತು ಕೇಳಿದಳು:

"ಕೋರ್ಟಿನ್ಯಾಗ ಅವನ ಜೋಡಿ ಯಾರರ ಇದ್ರೇನ್ರೀ?"

ಮೌಶಿ ಹುಡುಗನ ಕಡೆ ನೋಡಿದಳು. ಅವನ ಕೋಟಿನ ತೋಳನ್ನು ಒಂದು ಕೈಯಲ್ಲಿ ಮೇಲಕ್ಕೆ ಮಡಚುತ್ತಾ ಹೇಳಿದಳು:

"ಇದ್ವಿ ರೀ. ನಾವಿದ್ವಿ."