ಕಾಕಾನ ಫೋನು ಸದಾ ಎಂಗೇಜ್

‘ನಿಮ್ಮ ಕಾಕಾ ಫೋನ್ ಬಿಟ್ಟು ಮೆಸೇಜ್ ಹಾಕೂದು ಈ ಜನ್ಮದಾಗ ಆಗಾಂಗಿಲ್ಲ’ ಎಂದವರು ನಮ್ಮ ಸಾಹೇಬರು. ಆಟೋ ನಗರದ ಬಿಡಿಭಾಗಗಳ ಕಾರ್ಖಾನೆಯಲ್ಲಿ ಮಾಲು ಕಳಿಸುವ ಮೇಜು ನನ್ನಪ್ಪನ ತಮ್ಮ ಕಾಕಾನದು, ಲೆಕ್ಕದ ಮೇಜು ನನ್ನದು. ಪಾರಿಶ್ವಾಡದ ಕುರಿ ಕಾಯುವ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ‘ಆಗಾಂಗಿಲ್ಲ’ ಎಂಬ ಮಾತನ್ನು ದಾಟಿಕೊಂಡೇ ಆ ಮೇಜಿಗೆ ಬಂದವಳು.

ಕಾಕಾನಿಗೆ ಓದಲು ಬಾರದೆಂದಲ್ಲ. ಬಂದ ಪ್ರತಿ ಮೆಸೇಜಿಗೂ ಫೋನ್ ಹಚ್ಚಿ ಉತ್ತರ ಕೊಡುತ್ತಿದ್ದ, ಅಷ್ಟೇ! ಮೊದಲು ಕಾರ್ಖಾನೆಗೆ ಒಂದೇ ಫೋನಿತ್ತು. ಆಮೇಲೆ ವಾಟ್ಸಾಪ್ ಗುಂಪುಗಳು ಬಂದವು: ಮಾಲಿನದೊಂದು, ಡ್ರೈವರುಗಳದೊಂದು, ಸಾಹೇಬರಿಲ್ಲದ್ದೊಂದು. ಅದರ ಮೇಲೆ ಇ-ಮೇಲು, ಅದರ ತಲೆಯ ಮೇಲೊಂದು ಹೊಸ ಆ್ಯಪು. ಯಾರೋ ಗುಲಾಬಿ ಹೂವಿನ ‘ಶುಭೋದಯ’ ಹಾಕಿದರೂ ಕಾಕಾ ಅವರಿಗೆ ಫೋನ್ ಮಾಡಿ, ಚಹಾ ಆಯಿತೇ, ಎಮ್ಮೆ ಕರು ಹಾಕಿತೇ ಎಂದು ವಿಚಾರಿಸಿಯೇ ಇಡುವವನು. ಬಾಗಿಲಿಗೆ ಬಂದವರನ್ನು ಬೆಲ್ಲ-ನೀರು ಕೊಡದೆ ಕಳಿಸುವುದುಂಟೇ?

ಹೀಗಿರುವಾಗ ಖಾನಾಪುರದ ಗಿರಾಕಿಗೆ ಮಾಲು ಒಯ್ದ ಟೆಂಪೋ ವಿಳಾಸ ಸಿಗದೆ ದಾರಿಯಲ್ಲಿ ನಿಂತಿತು. ಡ್ರೈವರ್ ಫೋನ್ ಹಚ್ಚಿದರೆ ಕಾಕಾ ಎಂಗೇಜ್. ಯಾರೊಡನೆ? ಅದೇ ಡ್ರೈವರನ ಹೆಂಡತಿಯ ತಮ್ಮನೊಡನೆ, ಶುಭೋದಯದ ಋಣ ತೀರಿಸುತ್ತ! ಸಾಹೇಬರು ಕಡ್ಡಿ ಮುರಿದಂತೆ ಹೇಳಿದರು: ಆ್ಯಪಿನ ತರಬೇತಿ ಪಾಸಾದರೆ ಮೇಜು, ಇಲ್ಲವಾದರೆ ಗೇಟಿನ ಕಾವಲು.

ನಾನು ಪಟ್ಟು ಹಿಡಿದೆ. ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲೇ ಪಾಠ. ಆರ್ಡರಿಗೆ ಆ್ಯಪೊಂದೇ, ಉಳಿದ ಗುಂಪುಗಳ ಸದ್ದು ಬಂದ್, ಉತ್ತರಕ್ಕೆ ಹೆಬ್ಬೆಟ್ಟಿನ ಚಿತ್ರ ಸಾಕು ಎಂದೆ. ಕಾಕಾ ಕನ್ನಡಕ ಹಣೆಗೇರಿಸಿದ.

‘ಹೆಬ್ಬೆಟ್ಟ ಒತ್ತೂದು ಬ್ಯಾಡಂತ ನಿನಗ ಸಾಲಿ ಕಲಿಸಿದ್ವಿ. ನೀ ನನಗ ಹೆಬ್ಬೆಟ್ಟ ಒತ್ತಾಕ ಕಲಿಸಾಕತ್ತೀಯಲ್ಲವ್ವಾ?’

ಕಡೆಗೆ ರಾಜಿಯಾಯಿತು. ಕೆಲಸಕ್ಕೆ ಹೆಬ್ಬೆಟ್ಟು, ಶುಭೋದಯದವರಿಗೆಲ್ಲ ಸೇರಿಸಿ, ಉಂಡಿರೇನು ಎಂದು ಕೇಳುವ ಒಂದೇ ಧ್ವನಿಸಂದೇಶ.

ಪರೀಕ್ಷೆಯ ದಿನ ಸಾಹೇಬರು ಬೇಕೆಂದೇ ಎಲ್ಲ ದಿಕ್ಕಿನಿಂದ ಮೆಸೇಜು ಸುರಿದರು, ನಡುವೆ ಒಂದು ಗುಲಾಬಿಯನ್ನೂ ತೂರಿಸಿದರು. ಕಾಕಾನ ಬೆರಳು ಗುಲಾಬಿಯ ಮೇಲೆ ನಿಂತೇ ಬಿಟ್ಟಿತು. ಆಮೇಲೆ ಮೆಲ್ಲಗೆ ಅದನ್ನು ಸರಿಸಿ, ಆರ್ಡರು ತೆಗೆದು, ಹೆಬ್ಬೆಟ್ಟೊತ್ತಿ, ಟೆಂಪೋ ಹೊರಡಿಸಿದ.

ಸರ್ಟಿಫಿಕೇಟು ಕೈಗಿಡುತ್ತ ಸಾಹೇಬರು, ಇಷ್ಟೆಲ್ಲ ಬರುವ ಮನುಷ್ಯ ಕಂಡಕಂಡವರಿಗೆ ಫೋನ್ ಮಾಡುವುದೇಕೆ ಎಂದು ಕೇಳಿದರು. ಕಾಕಾ ನನ್ನತ್ತ ನೋಡಲಿಲ್ಲ.

‘ಇಕಿ ಧಾರವಾಡದ ಹಾಸ್ಟೆಲ್‌ನ್ಯಾಗ ಇದ್ದಾಗ ದಿನಾ ಆರಾಮ ಅದೀನಿ ಅಂತ ಬರೀತಿದ್ಲರೀ. ಬರೆದದ್ದರಾಗ ಅಳೂದು ಕೇಳಸೂದಿಲ್ಲಲ್ರೀ. ಅದಕ್ಕ ಫೋನ್ ಹಚ್ಚೂದು ರೂಢಿ ಆತು.’