ಸ್ಟೀಲಿಗೆ ಚಳಿ, ನನಗೆ ಫಜೀತಿ

ಎಲ್ಲರ ಪಿಎಚ್‌ಡಿ ಲೈಬ್ರರೀಲಿ ನಡೀತದೆ. ನಂದು ಮಾತ್ರ ಹರಿಹರ-ದಾವಣಗೆರೆ ರಸ್ತೇಲಿ, ಜನರ ಬಾಯಲ್ಲಿ ನಡೀತು. ನಾನು ಇಲ್ಲಿನ ಇಂಜಿನಿಯರಿಂಗ್ ಕಾಲೇಜೊಂದರ ಮೇಡಂ. ಸ್ಟೇನ್‌ಲೆಸ್ ಸ್ಟೀಲನ್ನ ದ್ರವ ನೈಟ್ರೋಜನ್ನಿನಲ್ಲಿ ಮುಳುಗಿಸಿ, ಚಳಿಗೆ ಮರಗಟ್ಟಿಸಿ, ಮೇಲಿಂದ ಜೋರಾಗಿ ಗುದ್ದಿದರೆ ಇನ್ನೂ ಗಟ್ಟಿಯಾಗ್ತದೆ ಅಂತ ತೋರಿಸೋದು ನನ್ನ ಕೆಲಸ. ಎರಡು ಸಲ ಕೈಕೊಟ್ಟಿತ್ತು. ಈ ಸಲವೂ ಆಗ್ಲಿಲ್ಲ ಅಂದ್ರೆ ವಿಷಯಾನೇ ಬಿಟ್ಟುಬಿಡಿ ಅಂತ ಗೈಡ್ ಹೇಳಿಬಿಟ್ಟಿದ್ದರು.

ಬಾತಿಯ ಎಮ್ಮೆ

ದನದ ಆಸ್ಪತ್ರೆಯವರು ಹೋರಿ ವೀರ್ಯ ಕೆಡದಂಗೆ ಇಡೋದು ಇದೇ ನೈಟ್ರೋಜನ್ನಿನಲ್ಲಿ. ಮಲೆಬೆನ್ನೂರು ಕಡೆಯ ದನದ ಡಾಕ್ಟ್ರು, ಪುಣ್ಯಾತ್ಮರು, ನನಗೊಂದು ಕ್ಯಾನ್ ತುಂಬಿಸಿ ಕೊಟ್ಟರು. ಲಗೇಜ್ ಆಟೋದಲ್ಲಿ ತರುವಾಗ ದಾರೀಲಿ ಬಾತಿ ಅನ್ನೋ ಊರ ಹತ್ರ ಟೈರ್ ಪಂಚರ್! ಕ್ಯಾನಿಂದ ಹೊಗೆ ಏಳ್ತಾ ಇದೆ, ನನ್ನ ಪಿಎಚ್‌ಡಿ ಗಾಳಿಗೆ ಹೋಗ್ತಾ ಇದೆ.

ಟ್ರ್ಯಾಕ್ಟರಲ್ಲಿ ಬಂದ ರೈತರೊಬ್ಬರು ಕ್ಯಾನ್ ನೋಡಿದ್ದೇ ಗಕ್ಕನೆ ನಿಲ್ಲಿಸಿದರು.

“ಬರ್ರಿ ಡಾಕ್ಟ್ರಮ್ಮ, ದೇವ್ರು ಬಂದಂಗೆ ಬಂದ್ರಿ. ನಮ್ಮೆಮ್ಮೆ ಬೆಳಿಗ್ಗೆಯಿಂದ ಬೆದೆಗೆ ಬಂದೈತೆ.”

“ಅಯ್ಯೋ, ನಾನು ದನದ ಡಾಕ್ಟ್ರಲ್ರೀ. ಇದು ಸ್ಟೀಲಿಗೆ.”

ನನ್ನ ಗೋಳು ಕೇಳಿ, ಕ್ಯಾನ್ ಎತ್ತಿಟ್ಟುಕೊಂಡು, ಕಾಲೇಜ್ ಬಾಗಿಲ ತನಕ ಬಿಟ್ಟರು. ಅವರ ಹೊಟ್ಟೆ ತಣ್ಣಗಿರಲಿ. ಹೊರಡುವಾಗ ಅಂದರು, “ಸ್ಟೀಲು ಗಬ್ಬ ನಿಂತ್ರೆ ತಿಳಿಸ್ರಿ!”

ಮಷೀನಿಗೆ ಕಾಯಿ

ನಮ್ಮ ಲ್ಯಾಬ್ ಸಹಾಯಕರು ಹಿರಿಯರು. “ಈ ಸ್ಟೀಲ್ ಗುದ್ದೋ ಮಷೀನಿಗೆ ಕಾಯಿ ಒಡೆಸಿಲ್ಲ ನೀವು. ಕೆಲಸ ಹೆಂಗೆ ಆಗ್ತೈತೆ ಮೇಡಂ?” ಅಂದರು. ಮುಳುಗೋಳಿಗೆ ಹುಲ್ಲುಕಡ್ಡಿಯೂ ಆಸರೆ, ಹೂಂ ಅಂದೆ. ಸ್ಟೀಲು ಚಳಿಯಲ್ಲಿ ನೆನೀತಿತ್ತು. “ಇಷ್ಟು ದೊಡ್ಡ ಸುತ್ತಿಗೆ ಇಟ್ಕೊಂಡು ನೆಲಕ್ಕೆ ಯಾಕ ಒಡೀಬೇಕು?” ಅಂತ ಕಾಯಿನ ಮಷೀನಿನ ಕೆಳಗೇ ಇಟ್ಟು, ಮೇಲಿನ ಭಾರ ಬಿಟ್ಟೇಬಿಟ್ಟರು.

ಅವತ್ತು ಪ್ರಸಾದವನ್ನ ಗೋಡೆಯಿಂದ ಕೆರಕೊಂಡು ತಿಂದ್ವಿ.

ಪಾತ್ರೆ ಅಂಗಡಿ

ಆಮೇಲೆ ಸ್ಟೀಲಿಗೆ ಗುದ್ದು ಬಿತ್ತು. ಆಯಸ್ಕಾಂತ ಹಚ್ಚಿದೆ. ಮೊದಲು ಒಲ್ಲೆ ಅಂತಿದ್ದ ಸ್ಟೀಲು ಈಗ ಗಪ್ಪನೆ ಹಿಡೀತು! ಒಳಗೊಳಗೇ ಬದಲಾಗಿದೆ ಅನ್ನೋದಕ್ಕೆ ಅದೇ ಗುರುತು. ಗಟ್ಟಿತನ ಅಳೆದು ಗೈಡೂ ಒಪ್ಪಿದರು. ನನಗೆ ಕಣ್ಣಲ್ಲಿ ನೀರು.

ಆ ಸ್ಟೀಲನ್ನ ಪುಕ್ಕಟೆ ಕೊಟ್ಟಿದ್ದು ದಾವಣಗೆರೆಯ ಪಾತ್ರೆ ಅಂಗಡಿ ಸಾವ್ಕಾರ್ರು. ಅವರಿಗೆ ಹೇಳದೆ ಇರೋದುಂಟಾ? ಓಡಿದೆ. ಆಯಸ್ಕಾಂತ ಹಿಡಿದ್ರೆ ಕಳಪೆ ಮಾಲು ಅಂತ ಪಾತ್ರೆ ಕೊಳ್ಳೋ ಜನ ನಂಬಿರೋದು ಆ ಖುಷೀಲಿ ನೆನಪೇ ಆಗ್ಲಿಲ್ಲ.

“ಸಾವ್ಕಾರ್ರೇ, ನಿಮ್ಮ ಸ್ಟೀಲು ಆಯಸ್ಕಾಂತ ಹಿಡೀತು!” ಬಾಗಿಲಿಂದಲೇ ಕೂಗಿದೆ.

ಮದುವೆಗೆ ಪಾತ್ರೆ ಆರಿಸ್ತಿದ್ದ ಹೆಂಗಸರು ಕೈಲಿದ್ದ ಕೊಡ ಕೆಳಗಿಟ್ಟರು.

“ಮೆತ್ತಗವ್ವ, ಮೆತ್ತಗೆ!” ಸಾವ್ಕಾರ್ರು ಬೆವರಿದರು.

“ನಿಮ್ಮ ಉಪಕಾರ ಸಾಯೋತನಕ ಮರೆಯಲ್ಲ. ಈ ಸ್ಟೀಲು ಇಲ್ಲೇ ತಗೊಂಡಿದ್ದು ಅಂತ ಪ್ರಬಂಧದಲ್ಲಿ ನಿಮ್ಮ ಅಂಗಡಿ ಹೆಸರು ಅಚ್ಚು ಹಾಕಿಸ್ತೀನಿ!”

ಸಾವ್ಕಾರ್ರು ಎರಡೂ ಕೈ ಮುಗಿದರು.

“ತಾಯೀ, ಅಷ್ಟೊಂದು ಉಪಕಾರ ಬ್ಯಾಡ. ಹಾಕ್ಲೇಬೇಕು ಅಂದ್ರೆ ಎದುರಿನ ಅಂಗಡಿ ಹೆಸರು ಹಾಕು!”